ಹಿಂದುಳಿದ ವಿದ್ಯಾರ್ಥಿಯೂ ಗಣಿತ-ವಿಜ್ಞಾನಗಳ ಬೋಧನೆಯೂ: ರಾಜಾನುಕುಂಟೆಯ ದಾರಿಯಿಂದ ಒಂದು ಚಾರಿತ್ರಿಕ ಅವಲೋಕನ

ಬೆಂಗಳೂರಿನಿಂದ ಉತ್ತರಾಭಿಮುಖವಾಗಿ ಹೊರಟು, ಯಲಹಂಕವನ್ನು ದಾಟಿ, ದೊಡ್ಡಬಳ್ಳಾಪುರದ ಕಡೆಗೆ ನಡೆದರೆ ಕೆಲವೇ ಮೈಲಿಗಳಲ್ಲಿ ರಾಜಾನುಕುಂಟೆ ಎಂಬ ಗ್ರಾಮವು ಎದುರಾಗುತ್ತದೆ. ಕುಂಟೆಯೆಂದರೆ ಕೆರೆಗಿಂತ ಕಿರಿದಾದ ನೀರಿನ ತಾಣ. ಈ ಊರಿನ ಪಕ್ಕದಲ್ಲಿಯೇ, ೧೮೯೦ರ ದಶಕದಲ್ಲಿ ಹಾಕಲ್ಪಟ್ಟು ೧೯೮೦ರ ದಶಕದಲ್ಲಿ ಅಗಲವಾದ, ಗುಂತಕಲ್ಲಿನ ಕಡೆಯ ರೈಲುಹಾದಿಯೂ ಹಾದುಹೋಗುತ್ತದೆ. ಅರಸರ ಯುದ್ಧಗಳನ್ನಾಗಲಿ ಕವಿಗಳ ಕಾವ್ಯಗಳನ್ನಾಗಲಿ ಹುಡುಕುವವರಿಗೆ ಇಲ್ಲಿ ಹೇಳಿಕೊಳ್ಳುವಂಥದು ಹೆಚ್ಚಾಗಿ ದೊರೆಯದು. ಆದರೆ ವಿದ್ಯೆಯ ಚರಿತ್ರೆಯನ್ನು ಬರೆಯುವವರು ಈ ದಾರಿಯಲ್ಲಿ ಒಂದು ಗಳಿಗೆ ನಿಲ್ಲಬೇಕಾಗುತ್ತದೆ. ಗೌರಿಬಿದನೂರು, ದೊಡ್ಡಬಳ್ಳಾಪುರಗಳ ಹಳ್ಳಿಗಳಿಂದ ಹೆಚ್ಚಿನ ಓದಿಗಾಗಿ ಬೆಂಗಳೂರಿಗೆ ಬಂದ ಹುಡುಗರ ದಾರಿಯಿದು. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಲೆಕ್ಕ ಕಲಿತು, ಪೇಟೆಯ ಕಾಲೇಜಿನಲ್ಲಿ ಇಂಗ್ಲಿಷಿನ ಭೌತಶಾಸ್ತ್ರವನ್ನು ಎದುರಿಸಬೇಕಾಗಿ ಬಂದವರಲ್ಲಿ ಕೆಲವರು ದಾಟಿದರು, ಹಲವರು ದಾಟಲಿಲ್ಲ.

ದಾಟಿದವರ ಜೀವನಚರಿತ್ರೆಗಳು ಬರೆಯಲ್ಪಟ್ಟಿವೆ. ದಾಟದವರಿಗೆ ಚರಿತ್ರೆಯಿಲ್ಲ. ಅವರಿಗೆ ದೊರೆತದ್ದು ಒಂದು ವಿಶೇಷಣ ಮಾತ್ರ: 'ದಡ್ಡ'. ಹಾಗಿದ್ದರೂ ಅವರ ಚರಿತ್ರೆಯನ್ನು ಪರೋಕ್ಷವಾಗಿ ತಿಳಿಯಲು ಒಂದು ಮಾರ್ಗವಿದೆ. ಯಾವ ಕಾಲದ ಉಪಾಧ್ಯಾಯರು ಯಾವ ಉಪಾಯಗಳನ್ನು ಹೂಡಿದರು ಎಂಬುದನ್ನು ನೋಡಿದರೆ, ಆ ಕಾಲದ ವಿದ್ಯಾರ್ಥಿಗೆ ಎಲ್ಲಿ ಕಷ್ಟವಾಗುತ್ತಿತ್ತೆಂಬುದನ್ನು ಊಹಿಸಬಹುದು. ಊರುಗೋಲಿನ ಉದ್ದದಿಂದ ನಡೆಯುವವನ ಎತ್ತರವನ್ನು ಅಳೆಯುವಂತೆ ಇದು. ಪ್ರಕೃತ ಲೇಖನದಲ್ಲಿ ಅಂಥ ಕೆಲವು ಉಪಾಯಗಳನ್ನು ಪರಿಶೀಲಿಸಲಾಗಿದೆ.

ಕನ್ನಡನಾಡಿನಲ್ಲಿ ಗಣಿತಶಾಸ್ತ್ರಕ್ಕೆ ದೀರ್ಘವಾದ ಪರಂಪರೆಯಿದೆಯೆಂಬುದು ವಿದಿತವೇ ಇದೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಅದನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ೧೯೧೨ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಹನ್ನೆರಡನೆಯ ಶತಮಾನದ ರಾಜಾದಿತ್ಯನಾದರೋ ಸಂಸ್ಕೃತವನ್ನು ಬಿಟ್ಟು ಕನ್ನಡಕ್ಕೆ ಬಂದನು. 'ವ್ಯವಹಾರಗಣಿತ', 'ಕ್ಷೇತ್ರಗಣಿತ', 'ಲೀಲಾವತಿ' ಮೊದಲಾದ ಅವನ ಕೃತಿಗಳ ಪಾಂಡಿತ್ಯವನ್ನು ವಿದ್ವಾಂಸರು ಕೊಂಡಾಡಿದ್ದಾರೆ. ನಮ್ಮ ದೃಷ್ಟಿಯಿಂದ ಗಮನಾರ್ಹವಾದದ್ದು ಬೇರೆ. ಸೂತ್ರವನ್ನು ಹೇಳಿ ಅಲ್ಲಿಗೇ ನಿಲ್ಲಿಸದೆ, ಅದಕ್ಕೆ ಟೀಕೆಯನ್ನೂ ಉದಾಹರಣೆಯನ್ನೂ ಕನ್ನಡದಲ್ಲಿಯೇ ಒದಗಿಸುವ ಕ್ರಮವು ಅಲ್ಲಿದೆ. ಬುದ್ಧಿವಂತನಿಗೆ ಸೂತ್ರವೊಂದೇ ಸಾಕು. ಟೀಕೆ ಬೇಕಾಗುವುದು ಸೂತ್ರದಿಂದ ತಿಳಿಯದವನಿಗೆ. ಉದಾಹರಣೆ ಬೇಕಾಗುವುದು ಟೀಕೆಯಿಂದಲೂ ತಿಳಿಯದವನಿಗೆ. ಎಂಟುನೂರು ವರ್ಷಗಳಿಗೂ ಹಿಂದೆ ಒಬ್ಬ ಗ್ರಂಥಕರ್ತನ ಮನಸ್ಸಿನಲ್ಲಿ ಇಂಥ ಓದುಗನು ಇದ್ದನೆಂಬುದು ಸಣ್ಣ ಸಂಗತಿಯಲ್ಲ.

ಶಾಸ್ತ್ರಗ್ರಂಥಗಳಿಂದ ಊರ ಶಾಲೆಗಳಿಗೆ ಇಳಿದರೆ ಚಿತ್ರವು ಬದಲಾಗುತ್ತದೆ. ಈ ವಿಷಯದಲ್ಲಿ ನಮಗಿರುವ ಅತ್ಯಂತ ಬೆಲೆಯುಳ್ಳ ದಾಖಲೆಯೆಂದರೆ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ಲನು ೧೮೨೩ರ ಆಗಸ್ಟಿನಲ್ಲಿ ಮದರಾಸಿನ ಸರ್ಕಾರಕ್ಕೆ ಕಳುಹಿಸಿದ ವರದಿ. ಗವರ್ನರ್ ಸರ್ ಥಾಮಸ್ ಮನ್ರೋ ೧೮೨೨ರಲ್ಲಿ ಆಜ್ಞಾಪಿಸಿದ ವಿಚಾರಣೆಗೆ ಉತ್ತರವಾಗಿ ಇದು ಸಿದ್ಧವಾಯಿತು. ಕ್ಯಾಂಬೆಲ್ಲನ ಲೆಕ್ಕದಂತೆ ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ೫೩೩ ಶಾಲೆಗಳಿದ್ದವು. ಕಲಿಯುತ್ತಿದ್ದವರು ೬,೬೪೧ ಮಂದಿ. ಈ ಶಾಲೆಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು. ಇಂಗ್ಲಿಷ್ ಶಾಲೆ ಒಂದೇ ಒಂದು. ಶಾಲೆಯೊಂದಕ್ಕೆ ಸರಾಸರಿ ಹನ್ನೆರಡು ಹನ್ನೆರಡೂವರೆ ಮಕ್ಕಳು ಬೀಳುತ್ತಾರೆ. ಈ ಕಾಲದ ತರಗತಿಗಳಲ್ಲಿ ಹಾಜರಿ ಕೂಗುವ ಅಧ್ಯಾಪಕರಿಗೆ ಈ ಸಂಖ್ಯೆಯು ಅಸೂಯೆಯನ್ನು ಹುಟ್ಟಿಸಿದರೆ ಆಶ್ಚರ್ಯವಿಲ್ಲ.

ಆ ಶಾಲೆಯ ಬೆಳಗನ್ನು ಕ್ಯಾಂಬೆಲ್ಲನು ಸ್ವಾರಸ್ಯವಾಗಿ ವರ್ಣಿಸಿದ್ದಾನೆ. ಬೆಳಿಗ್ಗೆ ಆರು ಗಂಟೆಗೆ ಪಾಠ ಆರಂಭ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರನ್ನು ಬರೆಯುವರು, ಅದು ಗೌರವ. ಎರಡನೆಯವನ ಅಂಗೈ ಮೇಲೆ ಸೊನ್ನೆಯನ್ನು ಬರೆಯುವರು. ಅವನಿಗೆ ಸ್ತುತಿಯೂ ಇಲ್ಲ, ನಿಂದೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾಗಿ ಬಂದಷ್ಟೂ ಏಟು ಹೆಚ್ಚುತ್ತದೆ. ಸೊನ್ನೆಯ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ಮನದಟ್ಟು ಮಾಡಿಸಿದ ಪಾಠವು ಬೇರೊಂದಿರಲಾರದು! ಏಣಿಕೆಯನ್ನು ಕೈಗೆ ಬಿದ್ದ ಏಟಿನಿಂದ ಕಲಿತ ಹುಡುಗನಿಗೆ ಲೆಕ್ಕದ ಮೇಲೆ ಪ್ರೀತಿ ಹುಟ್ಟಿತೇ ಎಂಬುದು ಮಾತ್ರ ಬೇರೆ ಮಾತು.

ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತಿದ್ದುತ್ತಿದ್ದರು. ಮಗ್ಗಿಯನ್ನು ಒಟ್ಟಾಗಿ ಒಪ್ಪಿಸುತ್ತಿದ್ದರು. ಮುಂದುವರಿದ ಹುಡುಗರು ಹಿಂದಿನವರಿಗೆ ಹೇಳಿಕೊಡುತ್ತಿದ್ದರು. ಉಪಾಧ್ಯಾಯನು ಮೇಲಿನ ತರಗತಿಯನ್ನು ತಾನೇ ನೋಡಿಕೊಳ್ಳುತ್ತ ಎಲ್ಲರ ಮೇಲೆಯೂ ಕಣ್ಣಿಟ್ಟಿರುತ್ತಿದ್ದನು. ಈ ಕ್ರಮವನ್ನು ಕ್ಯಾಂಬೆಲ್ಲನು ಮನಸಾರೆ ಮೆಚ್ಚಿದ್ದಾನೆ. ಮದರಾಸಿನ ಎಗ್ಮೋರಿನ ಅನಾಥಾಲಯದಲ್ಲಿದ್ದ ಆಂಡ್ರೂ ಬೆಲ್ಲನು ನಮ್ಮ ದೇಶದ ಇಂಥದೇ ಶಾಲೆಯ ಮರಳಿನ ಬರಹವನ್ನು ನೋಡಿ, ವಿದ್ಯಾರ್ಥಿಗಳಿಂದಲೇ ವಿದ್ಯಾರ್ಥಿಗಳಿಗೆ ಕಲಿಸುವ ಪದ್ಧತಿಯನ್ನು ರೂಪಿಸಿ, ೧೭೯೭ರಲ್ಲಿ ಅದರ ವಿವರವನ್ನು ಇಂಗ್ಲೆಂಡಿನಲ್ಲಿ ಪ್ರಕಟಿಸಿದನು. ಅಲ್ಲಿ ಅದು 'ಮದರಾಸು ಪದ್ಧತಿ'ಯೆಂದೇ ಹೆಸರಾಯಿತು. ಹಿಂದುಳಿದವನಿಗೆ ನೆರವಾಗಲು ಮುಂದುವರಿದವನನ್ನೇ ನೇಮಿಸುವ ಈ ಉಪಾಯವು ನಮ್ಮ ಹಳ್ಳಿಯ ಜಗಲಿಯಿಂದ ಹೊರಟು ಕಡಲು ದಾಟಿದ ಬಗೆ ಇದು.

ಆದರೆ ಕ್ಯಾಂಬೆಲ್ಲನು ಕಂಡ ದೋಷವನ್ನು ಮರೆಮಾಚುವುದು ನ್ಯಾಯವಲ್ಲ. ಮಕ್ಕಳು ಓದುತ್ತಿದ್ದ ಪುಸ್ತಕಗಳ ಭಾಷೆ ಕಾವ್ಯಭಾಷೆ. ಅವರು ಆಡುತ್ತಿದ್ದದ್ದು ಬೇರೆ ಮಾತು. ಪದ್ಯಗಳನ್ನು ಹುಡುಗರು ಗಿಳಿಗಳಂತೆ ಒಪ್ಪಿಸುತ್ತಿದ್ದರು. ಅರ್ಥ ಕೇಳಿದರೆ ಅನೇಕ ವೇಳೆ ಉಪಾಧ್ಯಾಯನಿಗೂ ತಿಳಿಯದು. ಕಂಪೆನಿಯ ಅಧಿಕಾರಿಯ ಮಾತೆಂದು ಇದನ್ನು ತಳ್ಳಿಹಾಕುವವರುಂಟು. ಅದೇ ಅಧಿಕಾರಿಯು ಅದೇ ವರದಿಯಲ್ಲಿ, ಯುರೋಪಿನ ಬಟ್ಟೆಗಳ ಆಮದಿನಿಂದ ನೇಕಾರರು ಕೆಲಸ ಕಳೆದುಕೊಂಡು ದೇಶವು ಬಡವಾದುದರಿಂದ ಶಾಲೆಗಳು ಕ್ಷೀಣಿಸಿದವೆಂದು ತನ್ನ ಸರ್ಕಾರಕ್ಕೇ ಬರೆದಿದ್ದಾನೆ. ಇಷ್ಟು ನಿರ್ದಾಕ್ಷಿಣ್ಯವಾಗಿ ಬರೆದವನ ಮಾತನ್ನು ಒಂದು ಕಡೆ ಒಪ್ಪಿ ಇನ್ನೊಂದು ಕಡೆ ಬಿಡುವುದು ಚರಿತ್ರಕಾರನಿಗೆ ಶೋಭಿಸದು. ಕಲಿಯುವ ಭಾಷೆಗೂ ಬದುಕುವ ಭಾಷೆಗೂ ನಡುವಣ ಕಂದಕವು ಇಂಗ್ಲಿಷಿನೊಡನೆ ಬಂದದ್ದಲ್ಲ; ಇಂಗ್ಲಿಷಿನಿಂದ ಅದು ಅಗಲವಾಯಿತು.

ಕೂಲಿಮಠಗಳ ಗಣಿತದಲ್ಲಿ ಒಂದು ದೊಡ್ಡ ಗುಣವಿತ್ತು. ಕಾಲು, ಅರೆ, ಮುಕ್ಕಾಲು ಇವುಗಳ ಮಗ್ಗಿಗಳನ್ನು ಹುಡುಗನು ಪೂರ್ಣಾಂಕಗಳ ಮಗ್ಗಿಯೊಡನೆಯೇ ಬಾಯಿಗೆ ತಂದುಕೊಳ್ಳುತ್ತಿದ್ದನು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ ಇದ್ದ ಕಾಲದಲ್ಲಿ ಭಿನ್ನರಾಶಿಯು ಸಂತೆಯ ಮಾತಾಗಿತ್ತು. ಭೂಮಿಯ ಅಳತೆಯೂ ಹಾಗೆಯೇ. ಸರ್ವೆಯವರ ಸರಪಳಿ ೩೩ ಅಡಿ. ಅದನ್ನು ಹದಿನಾರು ಆಣೆಗಳಾಗಿ ಭಾಗಿಸಿದ್ದರು. ಸರಪಳಿಯುದ್ದ ಸರಪಳಿಯಗಲದ ಚೌಕವು ಒಂದು ಗುಂಟೆ, ಎಂದರೆ ೧,೦೮೯ ಚದರಡಿ. ನಲವತ್ತು ಗುಂಟೆ ಒಂದು ಎಕರೆ. ಗುಂಟೆಗೂ ಹದಿನಾರು ಆಣೆಯೇ. ಉದ್ದದ ಆಣೆ ಬೇರೆ, ವಿಸ್ತೀರ್ಣದ ಆಣೆ ಬೇರೆ ಎಂಬುದನ್ನು ರೈತನ ಮಗನು ಹೊಲದಲ್ಲಿ ನಿಂತು ತಿಳಿಯಬಹುದಾಗಿತ್ತು. ೧೯೫೭ರ ಏಪ್ರಿಲ್ ೧ರಂದು ದಶಮಾಂಶ ನಾಣ್ಯವು ಬಂದಿತು. ಅದರ ಬೆನ್ನಿಗೇ ಮೆಟ್ರಿಕ್ ತೂಕ-ಅಳತೆಗಳು ಬಂದವು. ಲೆಕ್ಕ ಹಾಕುವುದು ಸುಲಭವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾಲು-ಮುಕ್ಕಾಲುಗಳ ಮಗ್ಗಿಗಳು ಬಾಯಿಂದ ಬಾಯಿಗೆ ಬರುವುದು ನಿಂತಿತು. ಭಿನ್ನರಾಶಿಯು ಸಂತೆಯನ್ನು ಬಿಟ್ಟು ಪಠ್ಯಪುಸ್ತಕವನ್ನು ಸೇರಿ, ಅಲ್ಲಿ ಭಯದ ವಸ್ತುವಾಯಿತು. ಇನ್ನೊಂದು ಸೂಕ್ಷ್ಮವನ್ನೂ ಹೇಳಬೇಕು. ಕನ್ನಡದಲ್ಲಿ ನಾವು 'ನಾಲ್ಕರಲ್ಲಿ ಮೂರು' ಎನ್ನುತ್ತೇವೆ. ಛೇದವು ಮೊದಲು, ಅಂಶವು ಅನಂತರ. ಇಂಗ್ಲಿಷಿನ ರೂಢಿಯು ಇದಕ್ಕೆ ತಿರುಗುಮುರುಗು. ಮನೆಯ ಮಾತಿನ ಕ್ರಮವನ್ನೇ ಹಿಡಿದು ನಾಲ್ಕನ್ನು ಮೇಲೆ ಬರೆದ ಹುಡುಗನಿಗೆ ಸೊನ್ನೆ ಅಂಕವನ್ನು ಕೊಡುವ ಮೊದಲು ಉಪಾಧ್ಯಾಯನು ಇದನ್ನು ಯೋಚಿಸಿದರೆ ತಪ್ಪಿನ ಬೇರು ಸಿಕ್ಕಬಹುದು.

ಮೈಸೂರು ವಿಶ್ವವಿದ್ಯಾನಿಲಯವು ೧೯೧೬ರಲ್ಲಿ ಸ್ಥಾಪಿತವಾದಾಗ ವಿಜ್ಞಾನದ ವ್ಯಾಸಂಗಕ್ಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜೇ ಕೇಂದ್ರವಾಯಿತು, ಬೋಧನೆಯೆಲ್ಲ ಇಂಗ್ಲಿಷಿನಲ್ಲಿ. ಅದರ ಹಿಂದಿನ ವರ್ಷ, ೧೯೧೫ರಲ್ಲಿ, ಅದೇ ನಗರದಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತ್ತು. ಈ ಎರಡು ಸಂಸ್ಥೆಗಳ ನಡುವೆ ಸೇತುವೆಯಂತೆ ನಿಂತವರು ಬೆಳ್ಳಾವೆ ವೆಂಕಟನಾರಣಪ್ಪನವರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರು. ಸಂಜೆಯಾದರೆ ಪಂಪಭಾರತದ ಸಂಪಾದಕರು. ೧೯೩೭ರಲ್ಲಿ ಜಮಖಂಡಿಯಲ್ಲಿ ಸೇರಿದ ಸಾಹಿತ್ಯ ಸಮ್ಮೇಳನಕ್ಕೆ ಈ ವಿಜ್ಞಾನಿಯೇ ಅಧ್ಯಕ್ಷರು. ಅವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಸೇರಿ ಕರ್ಣಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯನ್ನು ಕಟ್ಟಿ, ೧೯೧೮ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಕನ್ನಡದ ಮೊದಲ ವಿಜ್ಞಾನ ಪತ್ರಿಕೆಯೆಂದು ಅದನ್ನು ಗಣಿಸುತ್ತಾರೆ. ಎರಡು ವರ್ಷ ನಡೆದು ಅದು ನಿಂತಿತು.

ಎರಡೇ ವರ್ಷವೆಂದು ಮರುಗುವವರಿದ್ದಾರೆ. ಎರಡು ವರ್ಷ ನಡೆಯಿತಲ್ಲಾ ಎಂದು ಬೆರಗಾಗುವುದೇ ಯುಕ್ತವೆಂದು ನಮಗೆ ತೋರುತ್ತದೆ. ಪತ್ರಿಕೆಯ ಪ್ರತಿಯೊಂದು ಪುಟಕ್ಕೂ ಮೊದಲು ಶಬ್ದಗಳನ್ನು ಕಡೆಯಬೇಕಾಗಿತ್ತು. ಅನಂತರ ವಾಕ್ಯವನ್ನು ಕಟ್ಟಬೇಕಾಗಿತ್ತು. ಅಲ್ಲದೆ, ವಿಜ್ಞಾನವನ್ನು ಓದುವ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಬೇಕಾಗಿದ್ದದ್ದು ಇಂಗ್ಲಿಷಿನ ಉತ್ತರ. ಕನ್ನಡದಲ್ಲಿ ಅರ್ಥ ಮಾಡಿಕೊಂಡದ್ದಕ್ಕೆ ಅಂಕವಿಲ್ಲದಿದ್ದಾಗ ಅರ್ಥ ಮಾಡಿಕೊಳ್ಳುವ ಶ್ರಮವನ್ನು ಎಷ್ಟು ಮಂದಿ ವಹಿಸಿಯಾರು?

ಪರಿಭಾಷೆಯ ವಿಷಯದಲ್ಲಿ ಮುಚ್ಚುಮರೆಯಿಲ್ಲದೆ ಮಾತನಾಡುವುದು ಒಳ್ಳೆಯದು. ಕನ್ನಡದಲ್ಲಿ ಬಳಕೆಗೆ ಬಂದ ಪಾರಿಭಾಷಿಕ ಶಬ್ದಗಳಲ್ಲಿ ಬಹುಪಾಲು ಸಂಸ್ಕೃತದವು. 'ಆಮ್ಲಜನಕ'ವನ್ನು ನೋಡಿ. ಆಮ್ಲಗಳನ್ನೆಲ್ಲ ಹುಟ್ಟಿಸುವುದು ಈ ಅನಿಲವೇ ಎಂದು ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಲವಾಸಿಯೇ ನಂಬಿ, ಗ್ರೀಕ್ ಮೂಲದಿಂದ ಒಂದು ಹೆಸರನ್ನಿಟ್ಟನು. ೧೮೧೦ರ ಸುಮಾರಿಗೆ ಹಂಫ್ರಿ ಡೇವಿಯು ಉಪ್ಪಿನಿಂದ ಬರುವ ಆಮ್ಲದಲ್ಲಿ ಆ ಅನಿಲವೇ ಇಲ್ಲವೆಂದು ತೋರಿಸಿದನು. ತಪ್ಪೆಂದು ತಿಳಿದ ಮೇಲೆಯೂ ಹೆಸರು ಉಳಿಯಿತು. ನಾವು ಅದನ್ನು ನಿಷ್ಠೆಯಿಂದ ಅನುವಾದಿಸಿಕೊಂಡು ತಪ್ಪನ್ನು ಕನ್ನಡಕ್ಕೂ ತಂದೆವು. ಇಂಗ್ಲಿಷಿನ ಹುಡುಗನಿಗೆ ಗ್ರೀಕ್ ಬಾರದು. ಆದುದರಿಂದ ಹೆಸರು ಅವನನ್ನು ವಂಚಿಸುವುದಿಲ್ಲ. ಕನ್ನಡದ ಹುಡುಗನಿಗೆ 'ಆಮ್ಲ'ವೂ 'ಜನಕ'ವೂ ಅರ್ಥವಾಗುತ್ತವೆ. ಅರ್ಥ ಮಾಡಿಕೊಂಡವನೇ ಇಲ್ಲಿ ಎಡವುತ್ತಾನೆ. ಎಲ್ಲ ಆಮ್ಲಗಳಲ್ಲಿಯೂ ಆಮ್ಲಜನಕವಿದೆಯೇ ಎಂದು ಕೇಳುವ ಹುಡುಗನು ಡೇವಿಯ ಪ್ರಶ್ನೆಯನ್ನೇ ಕೇಳುತ್ತಿದ್ದಾನೆಂದು ಗ್ರಹಿಸುವ ಉಪಾಧ್ಯಾಯನು ಪುಣ್ಯವಂತ. ಗಣಿತದಲ್ಲಿ 'ಲ.ಸಾ.ಅ.' 'ಮ.ಸಾ.ಅ.'ಗಳದೂ ಇಂಥದೇ ಕಥೆ. ಒಂದರ ಕೊನೆಯಲ್ಲಿ ಅಪವರ್ತ್ಯ, ಇನ್ನೊಂದರ ಕೊನೆಯಲ್ಲಿ ಅಪವರ್ತನ. ಎರಡಕ್ಕೂ ಗುರುತು ಅದೇ ಒಂದು ಅಕಾರ. ಇವೆರಡನ್ನು ಅದಲುಬದಲು ಮಾಡಿದವನು ಭಾಗಾಕಾರವನ್ನು ಅರಿಯದವನೇ ಆಗಿರಬೇಕಾಗಿಲ್ಲ. ಕನ್ನಡದಲ್ಲಿ ಹೇಳಿದೊಡನೆ ಎಲ್ಲವೂ ತಿಳಿಯಾಗುತ್ತದೆಂಬ ಉತ್ಸಾಹವು ಈ ಕಾರಣದಿಂದ ಪೂರ್ತಿಯಾಗಿ ಒಪ್ಪತಕ್ಕದ್ದಲ್ಲ. ಹೇಳುವವನು ಯಾವ ಕನ್ನಡದಲ್ಲಿ ಹೇಳುತ್ತಾನೆಂಬುದೂ ಮುಖ್ಯ. ೧೯೩೬ರಲ್ಲಿ ಶಿವರಾಮ ಕಾರಂತರು ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಬರೆದಾಗ ಅವರ ಮುಂದಿದ್ದದ್ದು ಮಗು, ನಿಘಂಟು ಅಲ್ಲ.

ಇನ್ನು ನಾವು ಆರಂಭದಲ್ಲಿ ಹೇಳಿದ ದಾರಿಗೆ ಮರಳಬಹುದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ೧೯೨೦ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಹಳ್ಳಿಯ ಶಾಲೆಯ ಓದನ್ನು ಮುಗಿಸಿ, ೧೯೩೫ರಲ್ಲಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲನ್ನು ಸೇರುವುದಕ್ಕಾಗಿ ಸುಮಾರು ಎಂಬತ್ತು ಕಿಲೋಮೀಟರು ದೂರವನ್ನು ಕಾಲ್ನಡಿಗೆಯಲ್ಲಿಯೇ ಬಂದರು. ಆ ದಿಕ್ಕಿನಿಂದ ಬೆಂಗಳೂರಿಗೆ ಬರುವ ಹೆದ್ದಾರಿಯು ದೊಡ್ಡಬಳ್ಳಾಪುರ, ರಾಜಾನುಕುಂಟೆ, ಯಲಹಂಕಗಳ ಮೇಲೆ ಹಾಯುತ್ತದೆ. ಮರುವರ್ಷ ಮಹಾತ್ಮಾ ಗಾಂಧಿಯವರು ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ತಂದು ಹೇಳಿದವನು ಈ ಹುಡುಗನೇ. ಒಂದು ಭಾಷೆಯ ವಿಷಯವನ್ನು ಇನ್ನೊಂದಕ್ಕೆ ಸಾಗಿಸುವ ಕೆಲಸವು ಅವರ ಪಾಲಿಗೆ ಹೀಗೆ ಬಾಲ್ಯದಲ್ಲಿಯೇ ಬಂದಿತು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ, ನಡುವೆ ೧೯೪೨ರ ಚಳವಳಿ, ಸೆರೆಮನೆ, ಮತ್ತೆ ಓದು. ೧೯೪೬ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು; ೧೯೬೦ರಲ್ಲಿ ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಿಂದ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಮರಳಿದರು; ಮುಂದೆ ಪ್ರಾಂಶುಪಾಲರಾದರು; ೧೯೭೦ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ವಾಸವೆಲ್ಲ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ.

ಅವರು ೧೯೬೨ರಲ್ಲಿ ಸ್ಥಾಪಿಸಿದ ಬೆಂಗಳೂರು ಸೈನ್ಸ್ ಫೋರಂ ಪ್ರತಿ ಬುಧವಾರ ಸಂಜೆ ವಿಜ್ಞಾನೋಪನ್ಯಾಸಗಳನ್ನು ನಡೆಸುತ್ತ ಬಂದುದು ಸುಪ್ರಸಿದ್ಧ. ಹಣವಿಲ್ಲದೆ, ಹಾಜರಿಯಿಲ್ಲದೆ, ಪರೀಕ್ಷೆಯಿಲ್ಲದೆ ವಿಜ್ಞಾನವನ್ನು ಕೇಳಬಹುದಾದ ಸ್ಥಳವೊಂದು ನಗರದಲ್ಲಿ ಹುಟ್ಟಿತು. ಆದರೆ ಹಿಂದುಳಿದ ವಿದ್ಯಾರ್ಥಿಯ ದೃಷ್ಟಿಯಿಂದ ಇದಕ್ಕಿಂತಲೂ ಮಹತ್ತ್ವದ್ದು ಬೇರೊಂದು ಎಂದು ನಮ್ಮ ಅಭಿಪ್ರಾಯ. ತಾವು ನಡೆದುಬಂದ ದಾರಿಯ ಇನ್ನೊಂದು ತುದಿಗೆ, ಗೌರಿಬಿದನೂರಿಗೂ ಬಾಗೇಪಲ್ಲಿಗೂ, ಅವರ ಕಾಲದಲ್ಲಿಯೇ ನ್ಯಾಷನಲ್ ಕಾಲೇಜು ತಲುಪಿತು. ಹುಡುಗನು ಕಾಲೇಜನ್ನು ಹುಡುಕಿಕೊಂಡು ನಡೆಯುವುದಕ್ಕೆ ಬದಲಾಗಿ ಕಾಲೇಜೇ ಹುಡುಗನ ಊರಿಗೆ ಹೋಯಿತು. ಇದರಿಂದ ಪ್ರಯಾಣದ ಕಷ್ಟವೊಂದೇ ತಪ್ಪಿತೆಂದು ತಿಳಿಯಬಾರದು. ಮನೆಯಲ್ಲಿದ್ದು ಓದುವ ಹುಡುಗನು ಅನುತ್ತೀರ್ಣನಾದರೆ ಮತ್ತೊಮ್ಮೆ ಕಟ್ಟುತ್ತಾನೆ. ಪರಸ್ಥಳದಲ್ಲಿ ಸಾಲಮಾಡಿ ಓದುವ ಹುಡುಗನು ಅನುತ್ತೀರ್ಣನಾದರೆ ಗಂಟುಕಟ್ಟಿ ಊರಿಗೆ ಹೊರಡುತ್ತಾನೆ. ಎರಡನೆಯ ಸಲದ ಅವಕಾಶವು ಬುದ್ಧಿಯಷ್ಟೇ ಬೆಲೆಯುಳ್ಳದ್ದೆಂಬುದನ್ನು ಕಾಲೇಜಿನಲ್ಲಿ ಕಲಿಸಿದವರೆಲ್ಲರೂ ಬಲ್ಲರು.

ಈಚಿನ ಪ್ರಯತ್ನಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ೧೯೭೮ರಲ್ಲಿ 'ಬಾಲವಿಜ್ಞಾನ' ಮಾಸಪತ್ರಿಕೆ ಹೊರಟಿತು. ೧೯೮೦ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪಿತವಾಯಿತು. ೧೯೧೮ರ 'ವಿಜ್ಞಾನ'ಕ್ಕಿಲ್ಲದ ಒಂದು ಬಲ ಇವುಗಳಿಗಿತ್ತು: ಆ ವೇಳೆಗೆ ಹೈಸ್ಕೂಲಿನ ವಿಜ್ಞಾನದ ಪಾಠವು ಕನ್ನಡದಲ್ಲಿಯೂ ನಡೆಯುತ್ತಿತ್ತಾದುದರಿಂದ, ಪತ್ರಿಕೆಯಲ್ಲಿ ಓದಿದ್ದು ತರಗತಿಗೂ ಒದಗುತ್ತಿತ್ತು. ಕಾಲೇಜಿನ ಬಾಗಿಲಲ್ಲಿ ಮಾತ್ರ ಹಳೆಯ ಕಂದಕವು ಬಹುಮಟ್ಟಿಗೆ ಹಾಗೆಯೇ ಉಳಿಯಿತು. ವೈದ್ಯಕೀಯ ಪ್ರವೇಶದ ಅಖಿಲ ಭಾರತ ಪರೀಕ್ಷೆಯ ಪ್ರಶ್ನಪತ್ರಿಕೆಯು ೨೦೧೭ರಿಂದ ಕನ್ನಡದಲ್ಲಿಯೂ ದೊರೆಯಿತು. ಆ ಪರೀಕ್ಷೆಗೆ ಸಿದ್ಧಪಡಿಸುವ ಪಾಠಗಳು ಬಹುಪಾಲು ಇಂಗ್ಲಿಷಿನಲ್ಲಿಯೇ ನಡೆದವು. ಊಟಕ್ಕೆ ಕರೆದು ಎಲೆಯನ್ನಷ್ಟೇ ಹಾಕಿದಂತಾಯಿತು.

ರಾಜಾನುಕುಂಟೆಯ ಸುತ್ತಣ ಹೊಲಗಳು ಈ ನಡುವೆ ನಿವೇಶನಗಳಾಗಿವೆ. ೨೦೧೩ರಲ್ಲಿ ಊರಿನ ಮಗ್ಗುಲಲ್ಲಿಯೇ ಎಂಜಿನಿಯರಿಂಗನ್ನು ಕಲಿಸುವ ಖಾಸಗಿ ವಿಶ್ವವಿದ್ಯಾನಿಲಯವೊಂದು ಸ್ಥಾಪಿತವಾಯಿತು. ಗುಂಟೆಯಲ್ಲಿ ಮಾರುತ್ತಿದ್ದ ನೆಲವನ್ನು ಚದರಡಿಯಲ್ಲಿ ಮಾರುತ್ತಾರೆ. ಮೂವತ್ತು ನಲವತ್ತರ ನಿವೇಶನವೆಂದರೆ ಸಾವಿರದಿನ್ನೂರು ಚದರಡಿಯೆಂದು ಇಲ್ಲಿ ಏಳನೆಯ ತರಗತಿಯ ಹುಡುಗಿಯೂ ತಡವರಿಸದೆ ಹೇಳಬಲ್ಲಳು. 'ಆಯತದ ವಿಸ್ತೀರ್ಣವನ್ನು ಕಂಡುಹಿಡಿಯಿರಿ' ಎಂದು ಅಚ್ಚಾದ ಪ್ರಶ್ನೆಯ ಮುಂದೆ ಅದೇ ಹುಡುಗಿ ಮೌನವಾಗಿ ಕುಳಿತರೆ, ಆ ಮೌನಕ್ಕೆ ಗಣಿತವು ಕಾರಣವೆಂದು ಹೇಗೆ ಹೇಳುವುದು? ಗುಂಟೆಗೆ ೧,೦೮೯ ಚದರಡಿಯಾದರೆ ಅಜ್ಜನು ಮಾರಿದ ಹತ್ತು ಗುಂಟೆಯಲ್ಲಿ, ರಸ್ತೆಗೆ ಬಿಡದಿದ್ದರೆ, ಇಂಥ ನಿವೇಶನಗಳು ಎಷ್ಟಾಗುತ್ತವೆಂದು ಕೇಳಿದರೆ, ಒಂಬತ್ತಾಗಿ ತೊಂಬತ್ತು ಚದರಡಿ ಉಳಿಯುತ್ತದೆಂಬ ಉತ್ತರಕ್ಕೆ ಅವಳು ತಾನಾಗಿಯೇ ಬರಬಹುದು.

೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ರಿಷಿ ವ್ಯಾಲಿಯ ಅನುಭವವನ್ನು ನೋಡಿಬಂದ ಸರ್ಕಾರಿ ಶಾಲೆಗಳ ಉಪಾಧ್ಯಾಯರಿಂದ 'ನಲಿ-ಕಲಿ' ಪದ್ಧತಿಯು ಆರಂಭವಾಯಿತು. ಅಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕುಳಿತು ತಮ್ಮ ತಮ್ಮ ಮೆಟ್ಟಿಲಿನ ಕಾರ್ಡುಗಳನ್ನು ಎತ್ತಿಕೊಳ್ಳುತ್ತಾರೆ; ಒಂದು ಮೆಟ್ಟಿಲಲ್ಲಿ ಹೆಚ್ಚು ದಿನ ನಿಂತ ಮಗುವನ್ನು ಯಾರೂ ಅನುತ್ತೀರ್ಣವೆನ್ನುವುದಿಲ್ಲ. ಒಂದು ಗುಂಪಿನಲ್ಲಿ, ಮೇಲಿನ ಮೆಟ್ಟಿಲನ್ನು ಮುಟ್ಟಿದ ಮಗುವೇ ಕೆಳಗಿನದಕ್ಕೆ ಹೇಳಿಕೊಡುತ್ತದೆ. ಬಳ್ಳಾರಿಯ ಜಗಲಿಗಳಲ್ಲಿ ಕ್ಯಾಂಬೆಲ್ಲನು ಕಂಡದ್ದರಲ್ಲಿ ಇಷ್ಟು ಉಳಿದಿದೆ. ಅಂಗೈ ಮೇಲಿನ ಸೊನ್ನೆಯೂ ಏಟೂ ಇಲ್ಲ.